ಕ್ಯಾಸೆಟ್ಟಿನೊಳಗಿನ ಅವಸರದಾಕಿ

ನನಗೊಂದು ಚಟವಿದೆ. ಎದುರಿಗಿರುವವರು ಮಾತು ಮುಗಿಸಿದ ಮೇಲೂ ನಾನು ಸ್ವಲ್ಪ ಹೊತ್ತು ಸುಮ್ಮನಿರುತ್ತೇನೆ. ಅವರಿಗೆ ಇನ್ನೇನಾದರೂ ಹೇಳುವುದು ಉಳಿದಿದ್ದೀತು ಎಂದು ಕಾಯುತ್ತೇನೆ. ಫೋನಿನಲ್ಲಿ ಇದರಿಂದ ಬಹಳ ಪಜೀತಿ. ಆ ಕಡೆಯವರು “ಹಲೋ, ಹಲೋ, ಕೇಳಸ್ತೈತಿಲ್ರೀ?” ಎಂದು ನಾಲ್ಕು ಸಲ ಕೂಗಿ, ಲೈನು ಹೋಯಿತೆಂದು ಕಟ್ ಮಾಡಿಬಿಡುತ್ತಾರೆ. ಸಾಲೆಯ ಸ್ಟಾಫ್ ಮೀಟಿಂಗಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ ಚಹಾ ಬಂದಿರುತ್ತದೆ. ಚಹಾ ಬಂದ ಮೇಲೆ ಯಾರೂ ಯಾರ ಮಾತನ್ನೂ ಕೇಳುವುದಿಲ್ಲ. ಜಮಖಂಡಿಯಲ್ಲಿ ಇಪ್ಪತ್ತೈದು ವರ್ಷದಿಂದ ಹೈಸ್ಕೂಲು ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೇನೆ. “ಸುಮಿತ್ರಾ ಟೀಚರ್ ಭಾಳ ಸಮಾಧಾನದವರು” ಎಂದು ಊರಲ್ಲಿ ಹೆಸರು. ನಮ್ಮ ಯಜಮಾನರು ಮಾತ್ರ ಇದನ್ನು ಒಪ್ಪುವುದಿಲ್ಲ. “ನಿನ್ನ ಕೂಡ ಜಗಳಾ ಮಾಡಾಕ ಬರೂದಿಲ್ಲ ಬಿಡು. ನಾ ಒದರಿ ದಣದು ಮಕ್ಕೊಂಡ ಮ್ಯಾಲೆ ನಿನ್ನ ಉತ್ತರ ಬರ್ತೈತಿ” ಎನ್ನುತ್ತಾರೆ.

ಇಂಥ ನನಗೆ ತವರುಮನೆಯ ಕಡೆ ಇರುವ ಅಡ್ಡಹೆಸರು ಏನು ಗೊತ್ತೆ? ಅವಸರದಾಕಿ. ಕೇಳಿದವರು ತಮಾಷೆಗೆ ಇಟ್ಟದ್ದು ಎಂದುಕೊಳ್ಳುತ್ತಾರೆ. ತಮಾಷೆಯಲ್ಲ. ನಲವತ್ತು ವರ್ಷಗಳಿಂದ ಆ ಹೆಸರಿಗೆ ಸಾಕ್ಷಿಯಾಗಿ ಒಂದು ಕ್ಯಾಸೆಟ್ಟೇ ಇತ್ತು. ಬೇಕಾದವರು ಬೇಕಾದಾಗ ಹಾಕಿ ಕೇಳಬಹುದಿತ್ತು.

ಹೋದ ವರ್ಷ ಒಂದು ದಿನ ಪರಿಚಯದವರ ಮನೆಯ ಕಾರ್ಯಕ್ಕೆಂದು ಜಮಖಂಡಿಯಿಂದ ಮುಧೋಳದ ಬಸ್ಸು ಹತ್ತಿದೆ. ಬಾಜೂಕ ಕಾಲೇಜು ಹುಡುಗಿಯೊಬ್ಬಳು ಕೂತು ಫೋನಿನಲ್ಲಿ ಹಾಡು ಹಚ್ಚಿದ್ದಳು. ಕಿವಿಗೆ ಹಾಕುವ ವಾಯರು ಹಾಳಾಗಿತ್ತೋ, ಅಥವಾ ಇಂಥ ಹಾಡು ಎಲ್ಲರಿಗೂ ಸಿಗಲಿ ಎಂಬ ಧಾರಾಳವೋ, ನಾಲ್ಕು ಸೀಟಿಗೆ ಕೇಳುತ್ತಿತ್ತು. ಮೊದಲು ದಪ್ಪನೆಯ ಡಮ್ ಡಮ್. ಅದರ ಮೇಲೆ ಒಬ್ಬ ಹೆಣ್ಣುಮಗಳು ಹಾಡುತ್ತಿರಲಿಲ್ಲ, ಮಾತಾಡುತ್ತಿದ್ದಳು. ನಳದ ಮುಂದೆ ಕೊಡ ಇಟ್ಟುಕೊಂಡು ಜಗಳಕ್ಕೆ ನಿಂತವರ ಹಾಗೆ ಒಂದೇ ಉಸಿರಿಗೆ ಮಾತು ಒಗೆಯುತ್ತಿದ್ದಳು.

“ಇಪ್ಪತ್ತಾರು ಆತಂತ ಓಣಿಗೆಲ್ಲಾ ಚಿಂತಿ, ನನ್ನ ವಯಸ್ಸ ನಾ ಎಣಸೂದ ಬಿಟ್ಟು ಆದವು ಮೂರು ಸಂತಿ” ಎಂದಳು. ನನಗೆ ನಗು ಬಂತು. ಮದುವೆ ಮಾಡಿಕೋ ಮದುವೆ ಮಾಡಿಕೋ ಎಂದು ಅವಸರ ಮಾಡುವವರಿಗೆ ಕೊಟ್ಟ ಉತ್ತರ ಅದು. ಪ್ರಾಸ ಕೂಡಿತಲ್ಲ ಎಂದು ಕನ್ನಡ ಟೀಚರಿನ ತಲೆ ಆಡಿತು. ಆಗ ಡಮ್ ಡಮ್ ನಿಂತು, ಖಾಲಿಯಾದ ಜಾಗದಲ್ಲಿ ಒಂದು ಸಣ್ಣ ಹುಡುಗಿಯ ದನಿ, ತಂತಿಯಷ್ಟು ತೆಳ್ಳಗೆ, ಬಂತು.

“ನಿಂತ ನೋಡ ನನ ತಂಗೀ.”

ಮತ್ತೆ ಡಮ್ ಡಮ್. ಮತ್ತೆ ಅದೇ ದನಿ. “ನಿಂತ ನೋಡ ನನ ತಂಗೀ.” ಮೂರನೆಯ ಸಲಕ್ಕೆ ಗುರುತು ಸಿಕ್ಕಿತು. ಆ ದನಿ ನನ್ನದು.

ನಾನು ಮುದುಡಿ ಕೂತೆ. ಬಸ್ಸಿನವರೆಲ್ಲ ಈಗ ನನ್ನ ಕಡೆ ತಿರುಗುತ್ತಾರೆ ಎನ್ನಿಸಿತು. ಯಾರೂ ತಿರುಗಲಿಲ್ಲ. ಧೈರ್ಯ ಮಾಡಿ ಹುಡುಗಿಯನ್ನು ಕೇಳಿದೆ.

“ಏನ ಹಾಡವಾ ಇದು?”

“ರ‍್ಯಾಪ್ ರೀ ಆಂಟಿ. ಮುಧೋಳದ ದಾನು ಮಾಡ್ಯಾಳ್ರಿ. ಬಸ್ ಸ್ಟ್ಯಾಂಡ್ ಹಂತೇಕ ಚಸ್ಮಾದ ಅಂಗಡ್ಯಾಗ ಕೆಲಸಾ ಮಾಡ್ತಾಳ. ಈಗ ಎಲ್ಲಾರ ಫೋನಿನ್ಯಾಗ ಇದ ಐತಿ.”

“ಆ ನಡುವ ಬರೂ ಸಣ್ಣ ದನಿ?”

“ಅದು ಸ್ಯಾಂಪಲ್ ರೀ. ಯಾವುದೋ ಹಳೀ ಕ್ಯಾಸೆಟ್ಟಿಂದು ತಗೊಂಡಾಳ. ಹಾಡಿದಾಕಿ ಈಗ ಅದಾಳೋ ಇಲ್ಲೋ.”

ಅದಾಳೆ, ನಿನ್ನ ಬಾಜೂಕ ಕೂತಾಳೆ ಎಂದು ಹೇಳಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಕಬ್ಬಿನ ಹೊಲ ನೋಡುತ್ತ ಕೂತೆ.

ಬನಹಟ್ಟಿಯಲ್ಲಿ ನಮ್ಮದು ನೇಕಾರರ ಮನೆ. ಅಪ್ಪನ ತಂಗಿ ನೀಲವ್ವತ್ತಿಯನ್ನು ಬಗಲಿನ ರಬಕವಿಗೆ ಕೊಟ್ಟಿತ್ತು. ಅವಳ ದನಿ ಎಂಥದ್ದೆಂದರೆ, ಮಗ್ಗದ ಸದ್ದಿನ ನಡುವೆಯೂ ಅವಳು ಹಾಡುವುದು ಓಣಿಯ ಕೊನೆಗೆ ಕೇಳುತ್ತಿತ್ತು. ಸುತ್ತಲಿನ ಊರುಗಳಲ್ಲಿ ಮದುವೆಯಿದ್ದರೆ ಅರಿಷಿಣ ಹಚ್ಚುವ ದಿನ ಅವಳಿಗೆ ಕರೆ ಬರಲೇಬೇಕು. ಅಂಥ ಒಂದು ಮದುವೆಯಲ್ಲಿ ಮುಧೋಳದ ಕ್ಯಾಸೆಟ್ ಅಂಗಡಿಯ ಮಾಲೀಕನೊಬ್ಬ ಅವಳ ಪದಗಳನ್ನು ಕೇಳಿ, ಇವನ್ನು ಕ್ಯಾಸೆಟ್ ಮಾಡೋಣ ಎಂದ. ನೀಲವ್ವತ್ತಿಯ ಗಂಡ, ಅಂದರೆ ನಮ್ಮ ಮಾವ, ಬಹಳ ದಿನ ಒಪ್ಪಲಿಲ್ಲ. ಕೊನೆಗೆ ಅದು ಹೇಗೋ ಒಪ್ಪಿದ. ಹಿಮ್ಮೇಳಕ್ಕೆ ಎರಡು ಸಣ್ಣ ದನಿ ಬೇಕಿತ್ತು. ಅತ್ತಿಯ ಮಗಳು ಶಾಂತಕ್ಕ ಒಬ್ಬಳು, ಅವಳಿಗೆ ಹದಿನೈದು. ಇನ್ನೊಬ್ಬಳು ನಾನು, ಹನ್ನೊಂದು ವರ್ಷದವಳು. ಅತ್ತಿಯ ಪದಗಳೆಲ್ಲ ನನಗೆ ಬಾಯಿಪಾಠವಾಗಿದ್ದವು. ಪಾಠದ ಪುಸ್ತಕದ ಪದ್ಯಗಳು ಮಾತ್ರ ಆಗಿರಲಿಲ್ಲ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಹೊರಗಿನ ಸದ್ದು ಬರದಂತೆ ಗೋಡೆ ತುಂಬ ಕೌದಿ ಕಟ್ಟಿದ್ದರು. ಫ್ಯಾನು ಬಂದ್ ಮಾಡಿದ್ದರು. ಬಾಗಿಲಿಗೊಂದು ದಪ್ಪ ಪರದೆ. ಆ ಸೆಕೆಯಲ್ಲಿ ಒಂದೇ ಮೈಕಿನ ಸುತ್ತ ಮೂವರೂ ಜಮಖಾನೆಯ ಮೇಲೆ ಕೂತೆವು. ಹೊರಗೆ ಬಾಕಿನ ಮೇಲೆ ಕೊಡೆ ಊರಿಕೊಂಡು ಮಾವ. ನನಗಂತೂ ಹಬ್ಬ. ಹೊಸ ಲಂಗ ಹಾಕಿಕೊಂಡು ಬಂದಿದ್ದೆ. ಕ್ಯಾಸೆಟ್ಟಿನಲ್ಲಿ ಲಂಗ ಕಾಣುವುದಿಲ್ಲ ಎಂದು ಶಾಂತಕ್ಕ ಬಸ್ಸಿನಲ್ಲೇ ಹೇಳಿದ್ದಳು, ನಾನು ನಂಬಿರಲಿಲ್ಲ.

ಎರಡನೆಯ ಪದ ಮಗಳನ್ನು ಗಂಡನ ಮನೆಗೆ ಕಳಿಸುವಾಗಿನದು. ಅದರ ಮೂರನೆಯ ನುಡಿ ಹೀಗಿದೆ: “ಹೊಸ್ತಿಲ ದಾಟೂವಾಗ ನಿಂತ ನೋಡ ನನ ತಂಗಿ, ಹೆತ್ತವ್ವ ಒಳಗ ನಿಂತಾಳ.” ಅತ್ತಿ ಪೂರ್ತಿ ಹಾಡಬೇಕು, ಆಮೇಲೆ ನಾವಿಬ್ಬರೂ ತಿರುಗಿ ಅನ್ನಬೇಕು. ಅತ್ತಿ “ಹೊಸ್ತಿಲ ದಾಟೂವಾಗ” ಎಂದಳು. ಮುಂದೆ ಏನಾಯಿತೋ, ನನ್ನ ಬಾಯಿಂದ “ನಿಂತ ನೋಡ ನನ ತಂಗೀ” ಎಂದು ಒಂಟಿಯಾಗಿ ಬಂದುಬಿಟ್ಟಿತು. ಶಾಂತಕ್ಕ ಕಿಸಕ್ಕನೆ ನಕ್ಕಳು. ಅತ್ತಿ ಹೇಗೋ ಎಳೆದುಕೊಂಡು ಹೋಗಿ ಪದ ಮುಗಿಸಿದಳು.

ಪರದೆ ಸರಿಯಿತು. ಮಾವ ತಲೆ ಹಾಕಿದ.

“ಏನಾತು? ಯಾರು ತಪ್ಪಿದ್ರು?”

ಅತ್ತಿ ನನ್ನ ಕಡೆ ಕೈ ಮಾಡಿದಳು. “ಈಕಿ ರೀ. ನಾ ಇನ್ನೂ ಅನ್ನಾಕತ್ತಿದ್ದೆ, ನಡುವ ಬಾಯಿ ಹಾಕಿದ್ಲು. ಭಾಳ ಅವಸರದಾಕಿ.”

ಅಂಗಡಿಯವನು ಒಳ್ಳೆಯವನು. “ಹೋಗ್ಲಿ ಬಿಡ್ರಿ, ಸಣ್ಣಾಕಿ ದನಿ ಛಲೋ ಬಂದೈತಿ, ಹಂಗ ಇರಲಿ” ಎಂದ. ಆದರೆ ಉಳಿದ ಪದಗಳಿಗೆ ನನ್ನನ್ನು ಒಳಗೆ ಕೂಡಿಸಲಿಲ್ಲ. ಹೊರಗೆ ಬಾಕಿನ ಮೇಲೆ ಮಾವನ ಬಾಜೂಕ ಕೂತು, ಪರದೆಯ ಆಚೆಯಿಂದ ಬರುವ ಪದಗಳನ್ನು ಕೇಳಿದೆ. ತುಟಿ ಅಲುಗಿದರೆ ಮಾವ ನೋಡುತ್ತಿದ್ದ.

ಕ್ಯಾಸೆಟ್ಟು ಬಂತು. ಮೇಲಿನ ಕಾಗದದಲ್ಲಿ ಯಾರೋ ಮದುಮಗಳ ಚಿತ್ರ, ಕೆಳಗೆ “ರಬಕವಿಯ ಮಹಿಳೆಯರು” ಎಂದಷ್ಟೇ. ಮನೆಯ ಹೆಣ್ಣುಮಕ್ಕಳ ಹೆಸರು ಅಂಗಡಿಯಲ್ಲಿ ತೂಗಾಡುವುದು ಮಾವನಿಗೆ ಬೇಡವಾಗಿತ್ತು. ಹೆಸರಿಲ್ಲದಿದ್ದರೂ ಕ್ಯಾಸೆಟ್ಟು ಸುತ್ತಲೆಲ್ಲ ಓಡಾಡಿತು. ನಮ್ಮವರ ಮನೆಗಳಲ್ಲಿ ಹತ್ತು ಮಂದಿ ಕೂಡಿದರೆ ಅದನ್ನೇ ಹಾಕುವುದು, ಮೂರನೆಯ ನುಡಿ ಬರುವಾಗ ಎಲ್ಲರೂ “ಬಂತು, ಬಂತು” ಎಂದು ಕಾಯುವುದು, ನನ್ನ ದನಿ ಬಂದೊಡನೆ ನಗುವುದು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ನನ್ನ ಮದುವೆಯಲ್ಲಿ ನಾನು ಮಾಲೆ ಹಾಕುವಾಗಲೂ ಯಾರೋ “ಅವಸರ ಮಾಡಬ್ಯಾಡ ಸುಮಿ” ಎಂದರು. ನಮ್ಮ ಯಜಮಾನರು ಗಾಬರಿಯಾಗಿ ಒಂದು ಹೆಜ್ಜೆ ಹಿಂದೆ ಸರಿದರು. ನಾನು ನಕ್ಕೆ. ಆದರೆ ಆ ಕೋಣೆಯಿಂದ ಹೊರಗೆ ಬಂದ ಮೇಲೆ ನಾನು ಮತ್ತೆ ಯಾರ ಮುಂದೆಯೂ ಹಾಡಿದವಳಲ್ಲ. ಯಾರ ಮಾತಿನ ನಡುವೆಯೂ ಬಾಯಿ ಹಾಕಿದವಳಲ್ಲ.

ಬಸ್ಸಿನ ಸಂಗತಿಯನ್ನು ನಾನು ಮನೆಯಲ್ಲಿ ಹೇಳಲಿಲ್ಲ. ಎಂಟು ದಿನದಲ್ಲಿ ಶಾಂತಕ್ಕನ ಫೋನು ಬಂತು. ಈಗ ಅವಳಿಗೆ ಐವತ್ತೈದು. ರಬಕವಿಯಲ್ಲೇ ಅವಳ ಸೀರೆಯ ಅಂಗಡಿ. ನೀಲವ್ವತ್ತಿ ಅವಳ ಜೊತೆಗೇ ಇದ್ದಾಳೆ.

“ಸುಮಿ, ನಿನ್ನ ಅವಸರ ಈಗ ಊರೆಲ್ಲಾ ಆತು ನೋಡು. ಅಂಗಡಿಗೆ ಬಂದ ಹುಡಿಗ್ಯಾರ ಫೋನಿನ್ಯಾಗ ಕೇಳಿ ನನಗ ಎದಿ ಧಸಕ್ಕಂತು.”

ನಾನು ನನ್ನ ರೂಢಿಯಂತೆ ಕಾದೆ.

“ಇದ್ದೀಯಿಲ್ಲೋ? ನಮ್ಮವ್ವನ ಪದಾ ಕದ್ದಾರ. ಒಂದ ಮಾತ ಕೇಳಿಲ್ಲ, ಹೇಳಿಲ್ಲ. ನಾ ಬಿಡೂದಿಲ್ಲ.”

“ಸ್ಯಾಂಪಲ್ ಅಂತಾರಂತ ಅದಕ್ಕ” ಎಂದೆ.

“ಸ್ಯಾಂಪಲ್ ಅಂದ್ರ ಏನ ಅಂತ ನನಗ ಹೇಳಬ್ಯಾಡ.”

ಅವಳಿಗೆ ನಿಜವಾಗಿಯೂ ಹೇಳಬೇಕಾಗಿರಲಿಲ್ಲ. ನೇಕಾರರ ಮನೆಗಳಲ್ಲಿ ಸ್ಯಾಂಪಲ್ ಎಂದರೆ ಗೇಣುದ್ದದ ಬಟ್ಟೆ. ಹೊಸ ದಡಿ, ಅಂದರೆ ಸೀರೆಯ ಅಂಚು, ಹಾಕಿದರೆ ಮೊದಲು ಒಂದು ತುಂಡು ನೇಯ್ದು ವ್ಯಾಪಾರಿಗಳಿಗೆ ತೋರಿಸುತ್ತಾರೆ. ಒಮ್ಮೆ ಶಾಂತಕ್ಕನ ಗಂಡ ತೋರಿಸಿದ ತುಂಡಿನ ದಡಿ ಮುಂದಿನ ತಿಂಗಳು ಬೇರೆಯವರ ಸೀರೆಯಲ್ಲಿ ಬಂದಿತ್ತು. ಭಾವ ಅವರ ಮನೆಗೆ ಹೋಗಿ ದೊಡ್ಡ ಜಗಳ ತೆಗೆದ. ಜಗಳದ ನಡುವೆ ಆ ಮನೆಯ ಮುದುಕಿ ಒಳಗೆ ಹೋಗಿ ತನ್ನ ಮದುವೆಯ ಸೀರೆ ತಂದು ಹಾಸಿದಳು. ಅದೇ ದಡಿ ಅದರಲ್ಲೂ ಇತ್ತು. ಭಾವ ಸೀರೆಯ ಮೇಲೆ ಕೈಯಾಡಿಸಿ, ಬಣ್ಣ ಬಹಳ ಚೆನ್ನಾಗಿ ಉಳಿದಿದೆ ಎಂದು ಹೇಳಿ, ಚಹಾ ಕುಡಿದು ಬಂದ. ಆದರೂ ಇವತ್ತಿಗೂ ಶಾಂತಕ್ಕ ಅದನ್ನು ಕಳವು ಎಂದೇ ಕರೆಯುತ್ತಾಳೆ.

“ನೀ ಕಲತಾಕಿ ಅದೀ. ಮುಧೋಳಕ್ಕ ಹೋಗಿ ಆ ಹುಡುಗಿಗೆ ಹೇಳು, ತಗದ ಹಾಕು ಅಂತ. ಕೇಳಲಿಲ್ಲಂದ್ರ ನಾನ ಬರ್ತೇನಿ” ಎಂದು ಫೋನು ಇಟ್ಟಳು.

ತೆಗೆದು ಹಾಕಿದರೆ ನನಗೂ ಒಳ್ಳೆಯದೇ ಎನ್ನಿಸಿತು. ಮನೆಯವರು ನಕ್ಕದ್ದು ಸಾಕಾಗಿತ್ತು. ಊರವರೂ ಸೇರುವುದು ಬೇಡವಾಗಿತ್ತು. ಶನಿವಾರ ಬೆಳಗಿನ ಸಾಲೆ ಮುಗಿಸಿ ಮುಧೋಳಕ್ಕೆ ಹೋದೆ.

ಚಸ್ಮಾದ ಅಂಗಡಿಯಲ್ಲಿ ದಾನು ಒಬ್ಬಳೇ ಇದ್ದಳು, ಪೂರ್ತಿ ಹೆಸರು ದಾನಮ್ಮ. ದಾನು ಎಂದರೆ ಹೇಗಿರುತ್ತಾಳೋ ಎಂದುಕೊಂಡಿದ್ದೆ. ಹಸಿರು ಚೂಡಿದಾರ, ಎಣ್ಣೆ ಹಚ್ಚಿದ ಜಡೆ, ಮೂಗಿನ ಮೇಲೆ ದೊಡ್ಡ ಚಸ್ಮಾ. “ಬರ್ರಿ ಮೇಡಂ, ದೂರಿಂದ ಕಾಣಸೂದಿಲ್ಲೋ ಸಮೀಪದ್ದೋ?” ಎಂದು ಕೇಳಿದಳು. ನಾನು ಮಾತು ಹುಡುಕುತ್ತಿರುವಷ್ಟರಲ್ಲಿ ನನ್ನನ್ನು ಹಿಂದಿನ ಕತ್ತಲೆ ಕೋಣೆಗೆ ಕರೆದುಕೊಂಡು ಹೋಗಿ, ಕುರ್ಚಿಯಲ್ಲಿ ಕೂಡಿಸಿ, ಒಂದು ಕಣ್ಣು ಮುಚ್ಚಿ ದೀಪದ ಫಲಕದ ಅಕ್ಷರ ಓದಿಸತೊಡಗಿದಳು. ನಾಲ್ಕನೆಯ ಸಾಲಿನವರೆಗೆ ಓದಿದ ಮೇಲೆ ನನಗೆ ಬಾಯಿ ಬಂತು.

“ನಿನ್ನ ಹಾಡಿನ್ಯಾಗ ‘ನಿಂತ ನೋಡ’ ಅಂತ ಬರ್ತೈತಲ್ಲ. ಅದು ನಾನು.”

ಅವಳು ಚಸ್ಮಾ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. “ಒಂದ ಸಲ ಅನ್ರಿ ಮೇಡಂ” ಎಂದಳು.

ಹಾಡುವುದು ಸಾಧ್ಯವಿರಲಿಲ್ಲ. ಬರೀ ಮಾತಿನಂತೆ ಹೇಳಿದೆ. ಅಷ್ಟಕ್ಕೇ ಅವಳು ಎದ್ದು ನಿಂತಳು. ಆಮೇಲೆ ಅಂಗಡಿಯ ಬಾಗಿಲು ಅರ್ಧ ಮುಂದೆ ಮಾಡಿ ಬಂದು, ನನ್ನೆದುರು ಸ್ಟೂಲಿನ ಮೇಲೆ ಕೂತಳು.

“ನಿಮ್ಮನ್ನ ಎಷ್ಟ ಹುಡುಕೇನಿ ಗೊತ್ತೇನ್ರಿ? ರನ್ನ ಬೆಳಗಲ್ಯಾಗ ನಮ್ಮ ಆಯಿ ಅದಾಳ್ರಿ, ಅವ್ವನ ಅವ್ವ. ಆಕಿ ಟ್ರಂಕಿನ್ಯಾಗ ಆ ಕ್ಯಾಸೆಟ್ ಸಿಕ್ತು. ಮ್ಯಾಲಿನ ಕಾಗದ ಇರಲಿಲ್ಲ. ಕ್ಯಾಸೆಟ್ ಅಂಗಡಿ ಬಂದಾಗಿ ಎಷ್ಟೋ ವರ್ಷ ಆತಂತ. ಯಾರನ್ನ ಕೇಳಿದ್ರೂ ರಬಕವಿ ಹೆಣ್ಣಮಕ್ಕಳು ಅಂತಾರ. ರಬಕವ್ಯಾಗ ಹೆಣ್ಣಮಕ್ಕಳು ಎಷ್ಟ ಮಂದಿ ಅದಾರ್ರಿ?”

ಹಾಡಿನ ಕೆಳಗೆ “ಹೆಸರು ಸಿಗದ ಹಾಡುಗಾರ್ತಿಯರಿಗೆ ನಮಸ್ಕಾರ” ಎಂದು ಬರೆದದ್ದನ್ನು ತೋರಿಸಿದಳು. ಶಾಂತಕ್ಕ ಹೇಳಿಕೊಟ್ಟ ಮಾತನ್ನು ನಾನು ಹೇಳಲೇಬೇಕಿತ್ತು. ಕೇಳದೆ ತೆಗೆದುಕೊಂಡದ್ದು ತಪ್ಪಲ್ಲವೇ ಎಂದೆ.

“ತಪ್ಪ ಐತ್ರಿ. ಪದಾ ಯಾರದ್ದಂತ ಯಾರಿಗೂ ಗೊತ್ತಿಲ್ಲ, ಅದಕ್ಕ ಯಾರನ್ನೂ ಕೇಳಬೇಕಾಗಿಲ್ಲ. ಆದ್ರ ದನಿ ನಿಮ್ದು. ನೀವು ಬ್ಯಾಡ ಅಂದ್ರ ಈಗ ತಗೀತೇನಿ.”

ಅಷ್ಟು ಸರಳವಾಗಿ ಒಪ್ಪಿದರೆ ಮುಂದೆ ಏನು ಮಾತಾಡುವುದು? ನನಗೊಂದು ಆಸೆ ಹುಟ್ಟಿತು. ಅಷ್ಟು ಪದಗಳಲ್ಲಿ ನನ್ನ ತಪ್ಪನ್ನೇ ಯಾಕೆ ಆರಿಸಿದಳು ಎಂದು ಕೇಳಿದೆ. ಏನೋ ದೊಡ್ಡ ಕಾರಣ ಹೇಳುತ್ತಾಳೆ ಎಂದು ಕಾದೆ.

“ಉಳದ ಕಡೆ ಎಲ್ಲಾ ಸಣ್ಣ ದನಿ ಬ್ಯಾರೇ ದನಿ ಕೂಡೇ ಅದಾವ್ರಿ, ಬಿಡಸಾಕ ಬರೂದಿಲ್ಲ. ಇಲ್ಲಿ ಒಂದ ದನಿ ಐತಲ್ರೀ, ಅದಕ್ಕ” ಎಂದಳು. ಆಮೇಲೆ ಏನೋ ನೆನಪಾದವಳಂತೆ ಲ್ಯಾಪ್‌ಟಾಪ್ ತೆರೆದಳು. “ಒಂದ ಅಂತ ತಿಳಕೊಂಡಿದ್ದೆ. ಕೆಳಗ ಇನ್ನೊಂದ ಇತ್ತ್ರಿ. ದೊಡ್ಡಾಕಿ ದನಿ. ‘ಹಸ’ ಅಂತ ಅಂದು ನಿಂತಾರ. ನಿಮ್ಮ ದನಿ ಮ್ಯಾಲೆ ಬಂದದ್ದಕ್ಕ ಬರೀ ಕಿವಿಗೆ ಕೇಳಸೂದಿಲ್ಲ. ಅದನ್ನ ತಗಿಯಾಕ ನನಗ ಎರಡ ದಿನ ಹಿಡೀತು. ಯಾಕ ಹಂಗ ಅಂದ್ರು ಅವರು?”

ಹೆಡ್‌ಫೋನ್ ನನ್ನ ತಲೆಗೆ ಹಾಕಿದಳು. ನನ್ನ ದನಿಯನ್ನು ಸಣ್ಣದು ಮಾಡಿ, ಕೆಳಗಿನದನ್ನು ದೊಡ್ಡದು ಮಾಡಿ, ಸ್ವಲ್ಪ ನಿಧಾನವಾಗಿ ಹಚ್ಚಿದಳು. ನೀಲವ್ವತ್ತಿಯ ನಲವತ್ತು ವರ್ಷದ ಹಿಂದಿನ ದನಿ ಬಂತು. “ಹೊಸ್ತಿಲ ದಾಟೂವಾಗ... ಹಸ...” ಅಷ್ಟೇ. ಆ ‘ಹಸ’ದ ಮೇಲೆ ನನ್ನ “ನಿಂತ ನೋಡ ನನ ತಂಗೀ”.

ಆ ಪದದ ನಾಲ್ಕನೆಯ ನುಡಿ “ಹಸರ ಬಳಿ ತೊಟ್ಟಾಕಿ” ಎಂದು ಶುರುವಾಗುತ್ತದೆ. ಅತ್ತಿ ಮೂರನೆಯ ನುಡಿಯ ನಡುವಿನಿಂದ ನಾಲ್ಕನೆಯದಕ್ಕೆ ಜಾರಿದ್ದಳು. ಎರಡೂ ಹಕಾರದಿಂದ ಶುರುವಾಗುವ ನುಡಿಗಳು, ಯಾರಿಗೂ ಆಗುವಂಥದ್ದು. ಅವಳು ತಪ್ಪಿದ ಕ್ಷಣದಲ್ಲಿ, ಪದ ಬಾಯಿಪಾಠವಿದ್ದ ನಾನು ಸರಿಯಾದ ಮಾತನ್ನು ಅಂದಿದ್ದೆ. ಅವಸರದಿಂದಲ್ಲ. ಬೇಕಾದ ಹೊತ್ತಿಗೆ.

ಐದಾರು ಸಲ ಕೇಳಿದೆ. ಎದುರಿನ ಫಲಕದಲ್ಲಿ ನಾಲ್ಕನೆಯ ಸಾಲಲ್ಲ, ಮೊದಲನೆಯ ಸಾಲೂ ಕಾಣಿಸದಂತಾಯಿತು. ದಾನಮ್ಮ ಗಾಬರಿಯಾಗಿ ನೀರು ಕೊಟ್ಟಳು. ನಾನು ಅವಳಿಗೆ ಹಿಂದಿನದೇನನ್ನೂ ಹೇಳಲಿಲ್ಲ. “ಆ ದನಿ ನಮ್ಮತ್ತಿದು. ನೀ ಕೇಳೂದಿದ್ರ ಆಕಿನ್ನ ಕೇಳಬೇಕು” ಎಂದಷ್ಟೇ ಹೇಳಿದೆ. ಮರುದಿನ ರವಿವಾರ, ಅಂಗಡಿಗೆ ರಜೆ, ಬರುತ್ತೇನೆ ಎಂದಳು.

ತಿರುಗಿ ಬರುವಾಗ ಬಸ್ಸಿನಲ್ಲಿ ಮೊದಲು ನಗು ಬಂತು. ಆಮೇಲೆ ಸಿಟ್ಟು ಬಂತು. ಎಂಥ ಸಿಟ್ಟೆಂದರೆ, ಕಂಡಕ್ಟರು ಚಿಲ್ಲರೆ ಕೇಳಿದ್ದಕ್ಕೆ ಅವನಿಗೆ ಒಂದು ಮಾತು ಅಂದೆ. ಜಮಖಂಡಿ ಬರುವಷ್ಟರಲ್ಲಿ ಸಿಟ್ಟೂ ಇಳಿದು, ಎಂಬತ್ತರ ಹತ್ತಿರ ಬಂದಿರುವ ನೀಲವ್ವತ್ತಿ ಕಣ್ಣ ಮುಂದೆ ಬಂದಳು. ಅವಳಿಗೆ ಇದು ಗೊತ್ತಿದ್ದೀತೋ ಇಲ್ಲವೋ. ಗೊತ್ತಿಲ್ಲದಿದ್ದರೆ ಈ ವಯಸ್ಸಿನಲ್ಲಿ ಯಾಕೆ ಹೇಳುವುದು? ನನಗೆ ಗೊತ್ತಾಯಿತಲ್ಲ, ಸಾಕು. ಸುಮ್ಮನಿರುವುದರಲ್ಲಿ ನನ್ನಷ್ಟು ಅನುಭವ ಯಾರಿಗಿದೆ? ಹಾಗೆ ನಿಶ್ಚಯ ಮಾಡಿಕೊಂಡು ಮರುದಿನ ಮಧ್ಯಾಹ್ನ ದಾನಮ್ಮನ ಜೊತೆ ರಬಕವಿಗೆ ಹೋದೆ.

ಶಾಂತಕ್ಕ ಬಾಗಿಲಲ್ಲೇ ಬಿಗಿದುಕೊಂಡು ನಿಂತಿದ್ದಳು. ಆದರೂ ಚುರುಮುರಿ ಹಚ್ಚಿಟ್ಟಿದ್ದಳು. ಅತ್ತಿ ಪಡಸಾಲೆಯಲ್ಲಿ ಕಾಟಿನ ಮೇಲೆ ಗೋಡೆಗೆ ಆತು ಕೂತಿದ್ದಳು. ದಾನಮ್ಮ ಕಾಲು ಮುಟ್ಟಿ ನಮಸ್ಕಾರ ಮಾಡಿ ನೆಲದ ಮೇಲೆ ಕೂತಳು.

“ತಪ್ಪಾತ್ರಿ ಆಯಿ. ನಿಮ್ಮನ್ನ ಕೇಳದ ತಗೊಂಡೇನಿ.”

“ತಪ್ಪ ಮಾಡಿ ಊರೆಲ್ಲಾ ಸಾರಿದ ಮ್ಯಾಲೆ ತಪ್ಪಾತು ಅಂದ್ರ ಹೆಂಗ?” ಎಂದಳು ಶಾಂತಕ್ಕ. “ಹಾಡಿದವರು ಜೀವಂತ ಅದಾರ, ಇಲ್ಲೇ ಅದಾರ.”

“ನೀ ಸುಮ್ಮನಿರು” ಎಂದಳು ಅತ್ತಿ. “ಪದಾ ನಂದೇನಲ್ಲವ್ವಾ. ನಮ್ಮತ್ತಿ ಚಿಮ್ಮಡದಿಂದ ಈ ಮನಿಗೆ ಸೊಸಿಯಾಗಿ ಬರೂವಾಗ ತಂದಿದ್ಲು. ಆಕಿಗೆ ಯಾರು ಕಲಿಸಿದ್ರೋ. ನೀ ಏನ ಮಾಡೀ ಅದನ್ನ, ಹಚ್ಚು.”

ದಾನಮ್ಮ ಫೋನನ್ನು ಅತ್ತಿಯ ಕಿವಿಯ ಹತ್ತಿರ ಹಿಡಿದಳು. ಡಮ್ ಡಮ್‌ಗೆ ಅತ್ತಿ ಮುಖ ಕಿವುಚಿದಳು. ಓಣಿಯ ಚಿಂತೆಯ ಸಾಲಿಗೆ ಬಾಯಿಗೆ ಸೆರಗು ಹಿಡಿದಳು. ನನ್ನ ದನಿ ಬಂದಾಗ ನನ್ನ ಕಡೆ ಒಮ್ಮೆ ನೋಡಿದಳು. ಹಾಡು ಮುಗಿಯಿತು. ಇನ್ನೊಮ್ಮೆ ಹಚ್ಚು ಎಂದಳು. ಇನ್ನೊಮ್ಮೆ ಮುಗಿಯಿತು.

“ಇದರಾಗ ನನ್ನ ದನಿ ಎಲ್ಲೈತಿ?”

ನಾನು ದಾನಮ್ಮನಿಗೆ ಕಣ್ಣಿನಲ್ಲಿ ಸನ್ನೆ ಮಾಡಿದೆ. ಊರವರ ಕಣ್ಣು ನೋಡುವ ಹುಡುಗಿ ನನ್ನ ಕಣ್ಣು ನೋಡಲಿಲ್ಲ.

“ನಿಮ್ಮದು ತಗದೇನ್ರಿ ಆಯಿ. ಇವರ ದನಿ ಕೆಳಗ ನಿಮ್ಮದು ‘ಹಸ’ ಅಂತ ಅರ್ಧಾ ಇತ್ತ್ರಿ. ತಾಳಕ್ಕ ಅಡ್ಡ ಬರ್ತಿತ್ತು.”

ಶಾಂತಕ್ಕನ ಕೈಯಲ್ಲಿದ್ದ ಚಹಾದ ಕಪ್ಪು ಅಲ್ಲೇ ನಿಂತಿತು. ಅವಳಿಗೂ ಪದ ಬಾಯಿಪಾಠ. ‘ಹಸ’ ಎಂದರೆ ಏನೆಂದು ಒಂದೇ ಕ್ಷಣಕ್ಕೆ ತಿಳಿಯಿತು. ಅವ್ವನನ್ನು ನೋಡಿದಳು, ನನ್ನನ್ನು ನೋಡಿದಳು.

ಅತ್ತಿ ತನ್ನ ಕೈ ನೋಡಿಕೊಂಡಳು. “ಅದೂ ಸಿಕ್ತೇನು ನಿನಗ?” ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಪದಾ ತಪ್ಪಿದಾಕಿ ನಾನು, ಸುಮಿ. ನೀ ಖರೇ ಹಾಡಿದ್ದಿ. ನನಗ ಅವತ್ತ ಗೊತ್ತಿತ್ತು.”

“ಇರಲಿ ಬಿಡ ಅತ್ತಿ” ಎಂದೆ.

“ಇರಲಿ ಅನಬ್ಯಾಡ, ಕೇಳು. ನಿಮ್ಮ ಮಾವ ಒಪ್ಪಿದ್ದ ಹೆಂಗ ಗೊತ್ತೈತೇನು? ಒಂದ ಪದಾ ತಪ್ಪಿದ್ರೂ ಎದ್ದ ಮನಿಗೆ ಬರಬೇಕು, ಮತ್ತ ಎಂದೂ ಈ ಹಾಡ ಗೀಡ ಅನಬಾರದು ಅಂತ ಕರಾರ ಮಾಡಿ ಕರಕೊಂಡ ಬಂದಿದ್ರು. ಎರಡನೇ ಪದಕ್ಕ ತಪ್ಪಿದೆ. ಪರದೆ ಸರಿಸಿ ಯಾರು ತಪ್ಪಿದ್ರು ಅಂತ ಕೇಳಿದ್ರಲ್ಲ, ಆಗ ನನ್ನ ಕೈ ನಿನ್ನ ಕಡೆ ಹೋತು. ಸಣ್ಣಾಕಿ, ಎರಡ ದಿನಕ್ಕ ಎಲ್ಲಾರೂ ಮರೀತಾರ ಅಂತ ತಿಳಕೊಂಡೆ. ಯಾರೂ ಮರೀಲಿಲ್ಲ. ಮಂದಿ ನಕ್ಕಾಗೆಲ್ಲಾ ಹೇಳಬೇಕು ಅಂತ ಬಾಯಿಗೆ ಬರ್ತಿತ್ತು. ಅವರು ಇದ್ದಾಗ ಅಂಜಿಕಿ. ಅವರು ಹೋದ ಮ್ಯಾಲೆ ನಾಚಿಕಿ. ನೀನೂ ಎಂದೂ ಕೇಳಲಿಲ್ಲ.”

ಅವಳು ಮುಗಿಸಿದ ಮೇಲೂ ನಾನು ಕಾದೆ. ಈ ಸಲ ಕಾದದ್ದು ರೂಢಿಯಿಂದಲ್ಲ, ಅಳು ತಡೆಯುವುದಕ್ಕೆ. ಆ ಕ್ಯಾಸೆಟ್ಟಿನ ಉಳಿದ ಪದಗಳೆಲ್ಲ, ಊರೂರಿಗೆ ಹೋದ ಅತ್ತಿಯ ದನಿಯೆಲ್ಲ, ನನ್ನ ಕಡೆ ಬಂದ ಆ ಕೈಯಿಂದ ಉಳಿದದ್ದು ಎಂದು ಆಗ ತಿಳಿಯಿತು. ಎದ್ದು ಹೋಗಿ ಕಾಟಿನ ಮೇಲೆ ಅವಳ ಪಕ್ಕ ಕೂತೆ. ಆ ಕೈಯನ್ನು ನನ್ನ ಕೈಯಲ್ಲಿ ತೆಗೆದುಕೊಂಡೆ. ಮೈಯೆಲ್ಲ ಹಗುರವಾಯಿತು. ಎಷ್ಟು ಹಗುರವೆಂದರೆ, ಹಸಿವಾಯಿತು. ಎರಡು ತಟ್ಟೆ ಚುರುಮುರಿ ತಿಂದೆ.

ಶಾಂತಕ್ಕ ಮೂಗು ಒರೆಸಿಕೊಂಡು, “ಹಾಡು ಇಡೂದೋ ತಗಿಯೂದೋ, ಅದನ್ನ ಹೇಳಬೇ ಯವ್ವಾ” ಎಂದಳು. ಕೆಲಸದ ಮಾತು ಬಿಡುವವಳಲ್ಲ ಅವಳು.

“ಇರಲಿ” ಎಂದಳು ಅತ್ತಿ. ದಾನಮ್ಮನಿಗೆ ಹೇಳಿದಳು, “ನಮ್ಮ ಹೆಸರು ಹಾಕು. ಆವಾಗ ಹಾಕಿಲ್ಲ. ನೀಲವ್ವ, ಶಾಂತಾ, ಸುಮಿತ್ರಾ. ಮತ್ತ ಆ ‘ಹಸ’ ತಿರಗ ಹಾಕು.”

“ಅದು ತಪ್ಪಲ್ರೀ ಆಯಿ? ಕೇಳಿದವರು ನಗತಾರ.”

“ತಪ್ಪಂತನ ಹಾಕು ಅಂತೇನಿ. ನಲವತ್ತ ವರ್ಷ ಆಕಿನ್ನ ನೋಡಿ ನಕ್ಕಾರ. ಈಗ ನನ್ನ ನೋಡಿ ನಗಲಿ.”

ಅರ್ಧ ಮಾತು ತಾಳಕ್ಕೆ ಕೂಡುವುದಿಲ್ಲ ಎಂದು ದಾನಮ್ಮ ತಲೆ ಕೆರೆದುಕೊಂಡಳು. ಆಮೇಲೆ ಬೆರಳಿನಿಂದ ನೆಲದ ಮೇಲೆ ಬಡಿದು, ಹಸ, ನಿಂತ ನೋಡ, ಹಸ, ನಿಂತ ನೋಡ ಎಂದು ತನ್ನಷ್ಟಕ್ಕೇ ಅಂದುಕೊಳ್ಳತೊಡಗಿದಳು. ಕೂಡುತ್ತದೆ ಎಂದಳು. ಅಷ್ಟು ಹೊತ್ತಿಗೆ ಶಾಂತಕ್ಕನಿಗೆ ಬೇರೆ ಚಿಂತೆ ಹತ್ತಿತ್ತು. ಅವತ್ತು ತಾನು ನಕ್ಕದ್ದೂ ಕ್ಯಾಸೆಟ್ಟಿನಲ್ಲಿ ಇದೆಯಲ್ಲ, ಎಲ್ಲರ ದನಿ ಹಾಕಿ ತನ್ನದೊಂದೇ ಬಿಡುವುದು ಯಾವ ನ್ಯಾಯ ಎಂದಳು.

ಮೂರು ವಾರಕ್ಕೆ ಹೊಸ ಹಾಡು ಬಂತು. ಕೆಳಗೆ ಮೂರೂ ಹೆಸರುಗಳಿದ್ದವು. ನಾನು ಅದನ್ನು ನಮ್ಮ ಯಜಮಾನರಿಗೆ ಕೇಳಿಸುತ್ತಿದ್ದಾಗಲೇ ರಬಕವಿಯಿಂದ ಫೋನು. ಶಾಂತಕ್ಕನ ಫೋನಿನಲ್ಲಿ ಅತ್ತಿ.

“ಸುಮಿ, ಕೇಳಿದ್ಯಾ? ನಾ ಮುಂಜಾನಿಂದ ನಾಕ ಸಲ ಕೇಳಿದೆ. ನಾ ತಪ್ಪೂದು ಈಗ ಎಷ್ಟ ಸ್ವಚ್ಛ ಕೇಳಸ್ತೈತಿ ನೋಡು.”